ಹಳೆಯ ನಾಗರಿಕತೆಗಳು ನದಿ ದಡದಲ್ಲೇ ಬೆಳೆದದ್ದು ಯಾಕೆ?

ಕುಡಿಯುವ ನೀರಿಗೆ ಅಂತ ಮಾತ್ರ ಅಲ್ಲ, ಅದು ಕೆರೆ ಪಕ್ಕದಲ್ಲೂ ಸಿಗುತ್ತದೆ ಅಲ್ವಾ? ಮುಖ್ಯವಾದದ್ದು ನದಿ ತರುವ ಮೆಕ್ಕಲು ಮಣ್ಣು. ಈಜಿಪ್ಟಿನಲ್ಲಿ ನೈಲ್ ಜುಲೈ ಹೊತ್ತಿಗೆ ಉಕ್ಕಿ ಅಕ್ಟೋಬರ್ ಸುಮಾರಿಗೆ ಇಳಿಯುತ್ತಿತ್ತು. ರೈತರು ಆ ಕಪ್ಪು ಕೆಸರಿಗೇ ಬಾರ್ಲಿ, ಗೋಧಿ ಎರಚಿ, ಮೇಲೆ ಕುರಿ ಓಡಿಸಿ ಬೀಜ ತುಳಿಸುತ್ತಿದ್ದರು. ಹೋಲಿಸಿದರೆ ಕೆಲಸ ಕಡಿಮೆ.

ಇರಾಕಿನ ಟೈಗ್ರಿಸ್, ಯೂಫ್ರಟಿಸ್ ಹಾಗಲ್ಲ. ಅವು ಉಕ್ಕುತ್ತಿದ್ದದ್ದು ಏಪ್ರಿಲ್, ಮೇ ಸುಮಾರಿಗೆ, ಬೆಳೆ ಕೊಯ್ಲಿಗೆ ಬಂದಾಗ, ಅಂದರೆ ಸರಿಯಾಗಿ ಬೇಡದ ಸಮಯಕ್ಕೆ! ಹಾಗಾಗಿ ಒಡ್ಡು ಕಟ್ಟಬೇಕು, ಕಾಲುವೆ ತೋಡಬೇಕು, ಆಗಾಗ ಹೂಳು ಎತ್ತಬೇಕು, ದುಡಿದವರಿಗೆಲ್ಲ ಧಾನ್ಯ ಅಳೆದು ಕೊಡಬೇಕು. ಸುಮ್ನೆ ಬಾಯಿಲೆಕ್ಕದಲ್ಲಿ ಆಗುವ ಕೆಲಸವಾ? ಅಲ್ಲಿನ ಹಳೆಯ ನಗರ ಉರುಕ್‌ನಲ್ಲಿ ಸಿಕ್ಕ, ಕ್ರಿ.ಪೂ. 3200ರ ಆಸುಪಾಸಿನ ಜೇಡಿಮಣ್ಣಿನ ಹಲಗೆಗಳಲ್ಲಿ ಜಾಸ್ತಿ ಇರುವುದು ಕಥೆ, ಕವನ ಅಲ್ಲ. ಬಾರ್ಲಿ, ಬಿಯರ್, ಕುರಿಗಳ ಲೆಕ್ಕ.