ಪ್ರತಿಕ್ರಿಯೆ: ಬ್ರಿಟಿಷ್ ಮ್ಯೂಸಿಯಂಗೆ ಒಂದು ದಿನ ಸಾಕೇ?

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ ಪ್ರಾಚೀನ ವಿಭಾಗಗಳನ್ನು ಒಂದೇ ದಿನದಲ್ಲಿ ನೋಡಿ ಮುಗಿಸಬಹುದೇ ಎಂದು ಕೇಳಿದ್ದೀರಿ. ಮುಗಿಸಲಾಗದು; ಈಜಿಪ್ಟ್ ಮತ್ತು ಮೆಸೊಪೊಟೇಮಿಯಾ (ಇಂದಿನ ಇರಾಕ್ ಸುತ್ತಲಿನ ಪ್ರಾಚೀನ ನಾಡು) ಎರಡನ್ನಷ್ಟೇ ಆರಿಸಿಕೊಳ್ಳಿ ಎಂಬುದು ನನ್ನ ಸಲಹೆ. ಕ್ರಿ.ಪೂ. 196ರ ಶಾಸನವನ್ನು ಮೂರು ಲಿಪಿಗಳಲ್ಲಿ ಹೊತ್ತಿರುವ ಈಜಿಪ್ಟಿನ ರೊಸೆಟ್ಟಾ ಶಿಲೆಯ ಮುಂದೆ ಬೇಗನೆ ಜನ ಸೇರುವುದರಿಂದ, ಬಾಗಿಲು ತೆರೆದೊಡನೆ ಅಲ್ಲಿಗೆ ಹೋಗಿ. ಹೆಚ್ಚಿನ ಸಮಯವನ್ನು ಮಾತ್ರ ಮೆಸೊಪೊಟೇಮಿಯಾದ ನಿನೆವೆ ನಗರದ ಅರಮನೆಯಿಂದ ಬಂದ, ಅಸ್ಸೀರಿಯಾ ಸಾಮ್ರಾಜ್ಯದ ದೊರೆ ಅಶುರ್‌ಬನಿಪಾಲನ ಸಿಂಹಬೇಟೆಯ ಉಬ್ಬುಶಿಲ್ಪಗಳಿಗೆ ಮೀಸಲಿಡಿ. ರಾಜನ ಪರಾಕ್ರಮವನ್ನು ಸಾರಲೆಂದು ಕ್ರಿ.ಪೂ. 7ನೆಯ ಶತಮಾನದಲ್ಲಿ ಕೆತ್ತಿದ ಈ ಫಲಕಗಳಲ್ಲಿ, ಬಾಣಗಳು ನಾಟಿ ಹಿಂಗಾಲುಗಳನ್ನು ಎಳೆಯುತ್ತ ಗರ್ಜಿಸುವ ಸಿಂಹಿಣಿಯ ನೋವನ್ನೇ ಶಿಲ್ಪಿ ಹೆಚ್ಚು ಆಳವಾಗಿ ಕಂಡಿದ್ದಾನೆ ಎಂದು ನನಗನ್ನಿಸುತ್ತದೆ. ಅದನ್ನು ಅವಸರದಲ್ಲಿ ದಾಟಿಹೋಗಬೇಡಿ. ಮಧ್ಯಾಹ್ನದ ವಿಶ್ರಾಂತಿಯ ನಂತರ, ಮೆಸೊಪೊಟೇಮಿಯಾದ ಊರ್ ಎಂಬ ಪ್ರಾಚೀನ ನಗರದ ರಾಜಸಮಾಧಿಗಳಿಂದ ಬಂದು ಮೇಲಂತಸ್ತಿನಲ್ಲಿರುವ ವಸ್ತುಗಳನ್ನು ನೋಡಿದರೆ ಸಾಕು. ಕಾಯಂ ಸಂಗ್ರಹಕ್ಕೆ ಪ್ರವೇಶ ಉಚಿತವಾದ್ದರಿಂದ, ಉಳಿದುದಕ್ಕಾಗಿ ಇನ್ನೊಮ್ಮೆ ಬರಲು ಅಡ್ಡಿಯಿಲ್ಲ.