ಮೂವರಿಗೆ ಒಂದೇ ಬೀಕನ್ ಸಾಕೇ?

ಕಲಬುರಗಿಯಿಂದ ಮೂವರು ಗೆಳೆಯರು ಜನವರಿಯಲ್ಲಿ ಗುಲ್ಮಾರ್ಗ್‌ಗೆ ಹೊರಟಿದ್ದೀರಿ. ಗೊಂಡೋಲಾದ (ಕೇಬಲ್ ಕಾರಿನ) ಎರಡನೇ ಹಂತ ಹತ್ತಿ, ಗಸ್ತಿನವರು ಕಾಯುವ ಇಳಿಜಾರುಗಳ ಗಡಿ ದಾಟಿ ಸ್ನೋಬೋರ್ಡ್ ಮಾಡುವ ಆಸೆ. ಬಾಡಿಗೆ ಉಳಿಸಲು ಒಂದೇ ಬೀಕನ್ (ಹಿಮಕುಸಿತದಲ್ಲಿ ಹೂತವರನ್ನು ಹುಡುಕಲು ಸಂಕೇತ ಕಳುಹಿಸುವ, ಹಿಡಿಯುವ ಪುಟ್ಟ ಸಾಧನ) ಸಾಕೇ ಎಂಬುದು ನಿಮ್ಮ ಪ್ರಶ್ನೆ.

ಸಾಲದು. ಹೂತುಹೋದವನ ಬೀಕನ್ ಕಳುಹಿಸುವ ಸಂಕೇತವನ್ನು ಹಿಡಿಯಲು ಮೇಲಿರುವವನ ಕೈಯಲ್ಲಿ ಇನ್ನೊಂದು ಬೀಕನ್ ಬೇಕು. ಯಾರು ಹೂತುಹೋಗುತ್ತಾರೆಂದು ಮೊದಲೇ ಗೊತ್ತಿರುವುದಿಲ್ಲ, ಆದ್ದರಿಂದ ಮೂವರಿಗೂ ಒಂದೊಂದು ಬೀಕನ್, ಚುಚ್ಚಿ ನೋಡುವ ಮಡಚುಕೋಲು, ಲೋಹದ ಸಲಿಕೆ. ದುಡ್ಡು ಸಾಲದಿದ್ದರೆ ಗಡಿಯೊಳಗೇ ಆಡಿ, ದಯವಿಟ್ಟು.

ನಮ್ಮ ಧಾರವಾಡದ ಯೋಧ ಹನುಮಂತಪ್ಪ ಕೊಪ್ಪದ ಸಿಯಾಚಿನ್‌ನಲ್ಲಿ ಆರು ದಿನ ಹಿಮದಡಿ ಬದುಕಿದ್ದರಲ್ಲ ಎಂದೂ ಬರೆದಿದ್ದೀರಿ. 2016ರ ಫೆಬ್ರುವರಿ 3ರಂದು ಅಲ್ಲಿ ಹತ್ತು ಯೋಧರು ಹೂತುಹೋದರು, ಜೀವಂತ ಸಿಕ್ಕವರು ಅವರೊಬ್ಬರೇ. ಡೇರೆಯೊಳಗೆ ಗಾಳಿಗೆ ಜಾಗ ಉಳಿದಿತ್ತು ಎಂದು ಆಗ ವರದಿಯಾಗಿತ್ತು. ಅವರೂ 11ರಂದು ದೆಹಲಿಯಲ್ಲಿ ಕೊನೆಯುಸಿರೆಳೆದರು. ಬಯಲಿನಲ್ಲಿ ಹೂತವನಿಗೆ ಡೇರೆ ಇರುವುದಿಲ್ಲ. ತಾನು ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತಾನೆ. ಹತ್ತು ನಿಮಿಷದೊಳಗೆ ಹೊರತೆಗೆದರೆ ಬಹುಪಾಲು ಮಂದಿ ಉಳಿಯುತ್ತಾರೆ, ಅರ್ಧ ಗಂಟೆ ಕಳೆದರೆ ಬಹುಪಾಲು ಮಂದಿ ಉಳಿಯುವುದಿಲ್ಲ. ಅಷ್ಟರಲ್ಲಿ ಕೆಳಗಿನಿಂದ ಯಾರೂ ತಲುಪಲಾರರು. ಉಳಿಸಬೇಕಾದವರು ನಿಮ್ಮಿಬ್ಬರು ಗೆಳೆಯರೇ.

ಕುಸಿತ ಹೇಗಾಗುತ್ತದೆ ಎಂದು ನಾನು ಮನೆಯಲ್ಲಿ ಹೇಳುವುದು ಹೀಗೆ: ಶಹಾಬಾದ್ ಹಾಸುಗಲ್ಲನ್ನು ಓರೆಯಾಗಿಟ್ಟು ಅಡಿಯಲ್ಲಿ ಜೋಳದ ಕಾಳು ಹರಡಿ. ಮೇಲಿನ ಗಟ್ಟಿ ಹಿಮವೇ ಆ ಕಲ್ಲು, ಅಡಿಯಲ್ಲಿ ಸಕ್ಕರೆಯಂತೆ ಉದುರುವ ಹಳೆಯ ಹಿಮವೇ ಆ ಜೋಳ. ಅದನ್ನು ಜಾರಿಸಲು ನಿಮ್ಮ ಭಾರವೇ ಸಾಕು. 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ ಅಪಾಯ ಹೆಚ್ಚು, ಹೊಸ ಹಿಮ ಬಿದ್ದ ಮೊದಲ ದಿನವಂತೂ ಇನ್ನೂ ಹೆಚ್ಚು. ಕಾಲಡಿ 'ಧೊಪ್' ಎಂದರೆ, ಬಿರುಕು ಓಡಿದರೆ ಹಿಂತಿರುಗಿ. ಒಬ್ಬರಾದ ಮೇಲೆ ಒಬ್ಬರು ಇಳಿಯಿರಿ; ಉಳಿದವರು ಸುರಕ್ಷಿತ ಜಾಗದಲ್ಲಿ ನಿಂತು ಕಣ್ಣಿಟ್ಟಿರಲಿ.

ಗುಲ್ಮಾರ್ಗ್‌ನಲ್ಲಿ ನಾನು ಬಾಡಿಗೆಗೆ ಪಡೆದ ಬೀಕನ್‌ನ ಮುಚ್ಚಳ ತೆಗೆದಾಗ ಬ್ಯಾಟರಿಯ ತುದಿಗೆ ಹಸಿರು ಕಿಲುಬು ಹಿಡಿದಿತ್ತು. ಆದರೂ ದೀಪ ಹತ್ತುತ್ತಿತ್ತು! ಅಂದಿನಿಂದ ಮುಚ್ಚಳ ತೆಗೆದು ನೋಡದೆ ಹೊರಡುವುದಿಲ್ಲ. ಊರಿಗೆ ಬಂದವನೇ ಎರಡು ಬೀಕನ್ ಕೊಂಡೆ. ತೊಗರಿ ರಾಶಿ ಮುಗಿದ ಹೊಲದಲ್ಲಿ ತಮ್ಮ ಒಂದನ್ನು ಹೊಟ್ಟಿನ ಗುಡ್ಡೆಯಡಿ ಹೂತಿಟ್ಟ. ನಾನು ಹುಡುಕಲು ಹೋದೆ, ಬೀಕನ್‌ನಲ್ಲಿ ದಿಕ್ಕು ತೋರಿಸುವ ಬಾಣದ ಗುರುತು ಅತ್ತಿತ್ತ ಹಾರಾಡಿತು, ಹನ್ನೊಂದು ನಿಮಿಷ ಹಿಡಿಯಿತು. ಅಂಗಿಯ ಜೇಬಿನಲ್ಲಿದ್ದ ಮೊಬೈಲ್ ಸಂಕೇತವನ್ನು ಕೆಡಿಸುತ್ತಿತ್ತು. ಅದನ್ನು ಆರಿಸಿ ಬದುವಿನ ಮೇಲಿಟ್ಟೆ, ಬೀಕನ್ ನೆಲಕ್ಕೆ ತಾಗಿಸಿ ನಿಧಾನವಾಗಿ ಅಡ್ಡಡ್ಡ ಸರಿಸಿದೆ, ನಾಲ್ಕೇ ನಿಮಿಷ. ಹಿಮದಲ್ಲಾದರೆ, ಚುಚ್ಚಿದ ಕೋಲು ಹೂತವನಿಗೆ ತಾಗಿದ ಮೇಲೆ ಅದನ್ನು ಕೀಳಬಾರದು, ಅಲ್ಲೇ ಬಿಟ್ಟು ಇಳಿಜಾರಿನ ಕೆಳಬದಿಯಿಂದ ಅಗೆಯಬೇಕು. ಮೊದಲು ಬಾಯಿ, ಮೂಗು ಬಿಡಿಸಬೇಕು.

ಇನ್ನೆರಡು ಮಾತು. ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಕಾಶ್ಮೀರದಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಮಾಡಿಸಿಕೊಳ್ಳಿ. ಚಂಡೀಗಢದಲ್ಲಿರುವ ರಕ್ಷಣಾ ಸಂಶೋಧನಾ ಸಂಸ್ಥೆ ಡಿಜಿಆರ್‌ಇ ಹಿಮಕುಸಿತದ ಮುನ್ನೆಚ್ಚರಿಕೆ ಹೊರಡಿಸುತ್ತದೆ, ಪ್ರತಿ ಬೆಳಿಗ್ಗೆ ನೋಡಿಕೊಂಡೇ ಹೊರಡಿ.

ಹೊರಡುವ ಮೊದಲು ಒಂದು ಭಾನುವಾರ ಮೂವರೂ ನಮ್ಮ ಹೊಲಕ್ಕೆ ಬನ್ನಿ. ಹೊಟ್ಟಿನ ಗುಡ್ಡೆ ಇನ್ನೂ ಹಾಗೇ ಇದೆ.