3 ಲಕ್ಷ ಕುರಿಗಳಿಂದ ಒಂದು ಮಿಲಿಗ್ರಾಂ

ಪ್ರಶ್ನೆ: ನನ್ನ ರಕ್ತದಲ್ಲಿ ಟಿಎಸ್‌ಎಚ್ ಹೆಚ್ಚಿದೆ. ಥೈರಾಯ್ಡ್ ಇರುವುದು ಕುತ್ತಿಗೆಯಲ್ಲಿ, ಆದರೆ ಅದಕ್ಕೆ ಅಪ್ಪಣೆ ಮಿದುಳಿನಿಂದ ಬರುತ್ತದೆ ಎನ್ನುತ್ತಾರೆ ವೈದ್ಯರು. ಅದನ್ನು ಕಂಡುಹಿಡಿದದ್ದು ಹೇಗೆ?
— ಓದುಗರೊಬ್ಬರು, ಹಾಸನ

ಉತ್ತರ: ಅಂತಃಸ್ರಾವಶಾಸ್ತ್ರ ಕಲಿಸುವ ನನಗೆ ಬಹಳ ಪ್ರಿಯವಾದ ಕಥೆಯನ್ನೇ ಕೇಳಿದ್ದೀರಿ. ಥೈರಾಯ್ಡ್ ಅನ್ನು ಪ್ರಚೋದಿಸುವ ಹಾರ್ಮೋನು ಟಿಎಸ್‌ಎಚ್. ಅದನ್ನು ಸ್ರವಿಸುವುದು ಮಿದುಳಿನ ಬುಡದಲ್ಲಿರುವ, ಬಟಾಣಿ ಗಾತ್ರದ ಪಿಟ್ಯುಟರಿ ಗ್ರಂಥಿ. ಅದರ ಮೇಲ್ಗಡೆಯ ಹೈಪೋಥಲಾಮಸ್ ಎಂಬ ಮಿದುಳಿನ ಭಾಗದಿಂದ ಏನೋ ಒಂದು ರಾಸಾಯನಿಕ ಪುಟ್ಟ ರಕ್ತನಾಳಗಳ ಮೂಲಕ ಇಳಿದು ಬಂದು ಅದನ್ನು ಆಳುತ್ತದೆ ಎಂದು ಇಂಗ್ಲೆಂಡಿನ ಜೆಫ್ರಿ ಹ್ಯಾರಿಸ್ ಬಲವಾಗಿ ವಾದಿಸಿದ್ದರು. ಆ ರಾಸಾಯನಿಕವನ್ನು ಹಿಡಿದು ತೋರಿಸಲು ಅಮೆರಿಕದಲ್ಲಿ ಇಬ್ಬರು ಪೈಪೋಟಿಗಿಳಿದರು. ರೋಜರ್ ಗಿಲ್ಲೆಮಿನ್ ಕಸಾಯಿಖಾನೆಗಳಿಂದ ಕುರಿಯ ಮಿದುಳು ತರಿಸಿದರು, ಆಂಡ್ರ್ಯೂ ಶ್ಯಾಲಿ ಹಂದಿಯದು. ಒಂದು ತಲೆಯಲ್ಲಿ ಸಿಗುವುದು ನ್ಯಾನೋಗ್ರಾಂಗಳ ಲೆಕ್ಕದಲ್ಲಿ. ಹಾಗಾಗಿ 3 ಲಕ್ಷ ಕುರಿಗಳ ಹೈಪೋಥಲಾಮಸ್ ಸೋಸಿದ ಮೇಲೆ ಗಿಲ್ಲೆಮಿನ್ ತಂಡಕ್ಕೆ ದಕ್ಕಿದ್ದು ಬರೀ 1 ಮಿಲಿಗ್ರಾಂ.

ಅದನ್ನು ಒಡೆದಾಗ ಗ್ಲುಟಾಮಿಕ್ ಆಮ್ಲ, ಹಿಸ್ಟಿಡಿನ್, ಪ್ರೋಲಿನ್ ಎಂಬ ಮೂರೇ ಅಮೈನೊ ಆಮ್ಲಗಳು ಸಿಕ್ಕವು. ಆದರೆ ಪ್ರಯೋಗಾಲಯದಲ್ಲಿ ಇವೇ ಮೂರನ್ನು ಜೋಡಿಸಿದರೆ ಪಿಟ್ಯುಟರಿ ಮಿಸುಕಲಿಲ್ಲ. ಪೆಪ್ಟೈಡ್‌ಗಳನ್ನು, ಅಂದರೆ ಅಮೈನೊ ಆಮ್ಲಗಳ ಸರಪಳಿಗಳನ್ನು, ಕತ್ತರಿಸುವ ಕಿಣ್ವಗಳೂ ಅಸಲಿ ವಸ್ತುವನ್ನು ಏನೂ ಮಾಡಲಾಗಿರಲಿಲ್ಲ, ಹೀಗಾಗಿ ಇದು ಪೆಪ್ಟೈಡೇ ಅಲ್ಲವೇನೋ ಎಂಬ ಅನುಮಾನ ಬಲಿಯಿತು. ಗುಟ್ಟು ಇದ್ದದ್ದು ತುದಿಗಳಲ್ಲಿ. ಒಂದು ತುದಿಯ ಗ್ಲುಟಾಮಿಕ್ ಆಮ್ಲ ತನ್ನಷ್ಟಕ್ಕೆ ಬಾಗಿಕೊಂಡು ಉಂಗುರವಾಗಿತ್ತು, ಇನ್ನೊಂದು ತುದಿಗೆ ಅಮೈಡ್ ಗುಂಪು ಅಂಟಿತ್ತು. ಹಾಗೆ ಎರಡೂ ತುದಿ ಮುಚ್ಚಿದ ಅಣುವನ್ನು ತಯಾರಿಸಿದಾಗ ಅದು ಅಸಲಿಯಂತೆಯೇ ಕೆಲಸ ಮಾಡಿತು. ಎರಡೂ ತಂಡಗಳು ಈ ರಚನೆಗೆ ತಲುಪಿದ್ದು 1969ರಲ್ಲಿ. ಅದೇ ಟಿಆರ್‌ಎಚ್, ಟಿಎಸ್‌ಎಚ್ ಬಿಡುಗಡೆ ಮಾಡಿಸುವ ಹಾರ್ಮೋನು. ಕರಿಹಲಗೆಯ ಮೇಲೆ ಇದನ್ನು ಬರೆಯುವಾಗ ಆ ಎರಡು ತುದಿಗಳಿಗೆ ಮಾತ್ರ ನಾನು ಕೆಂಪು ಸೀಮೆಸುಣ್ಣ ಬಳಸುತ್ತೇನೆ. ಇಷ್ಟು ಚಿಕ್ಕ ಅಣುವಿನಲ್ಲಿ ಇಷ್ಟು ಜಾಣತನ ಅಡಗಿರುವುದು ನನಗೆ ಇಂದಿಗೂ ಬೆರಗು.

ಟಿಆರ್‌ಎಚ್ ಪಿಟ್ಯುಟರಿ ಕೋಶದ ಹೊರಮೈಯಲ್ಲಿರುವ ಗ್ರಾಹಕವನ್ನು ಸೇರಿದ ಕೂಡಲೇ ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ, ಟಿಎಸ್‌ಎಚ್ ರಕ್ತಕ್ಕೆ ಬಿಡುಗಡೆಯಾಗುತ್ತದೆ. ಥೈರಾಯ್ಡ್ ಸೋತಾಗ ಈ ಅಪ್ಪಣೆ ಜೋರಾಗುತ್ತದೆ. ಟಿಎಸ್‌ಎಚ್ ಹೆಚ್ಚಿದೆ ಎಂದರೆ ಸಾಮಾನ್ಯವಾಗಿ ಅರ್ಥ ಅದೇ. ಥೈರಾಯ್ಡ್ ಸ್ರವಿಸುವ ಹಾರ್ಮೋನಾದ ಟಿ4 ಪರೀಕ್ಷೆಯನ್ನೂ ಮಾಡಿಸಿ ವೈದ್ಯರಿಗೆ ತೋರಿಸಿ.

1977ರ ವೈದ್ಯಕೀಯ ನೊಬೆಲ್‌ನ ಅರ್ಧವನ್ನು ಈ ಇಬ್ಬರು ಹಂಚಿಕೊಂಡರು. ಉಳಿದರ್ಧ ರೋಸಲಿನ್ ಯಾಲೋ ಅವರಿಗೆ ಸಂದಿತು. ಪ್ರತಿಕಾಯಗಳ ನೆರವಿನಿಂದ ರಕ್ತದ ಹಾರ್ಮೋನುಗಳನ್ನು ಅಳೆಯುವ ದಾರಿ ತೆರೆದವರು ಅವರು. ನಿಮ್ಮ ವರದಿಯಲ್ಲಿರುವ ಟಿಎಸ್‌ಎಚ್ ಅಂಕಿಯೂ ಅದೇ ದಾರಿಯಲ್ಲಿ ಬಂದದ್ದು.